ಬಾವಿಯ ಮೂಡಣ ದಿಕ್ಕು

ಟ್ರಕ್ಕು ಹಾದುಹೋಗುವವರೆಗೆ ಕಾಯಬೇಕಿತ್ತು. ಅದು ಹೋಗಿ ನೆಲದ ನಡುಕ ಇಳಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಅದರ ಬೆನ್ನಿಗೇ ಕಬ್ಬಿಣದ ಸಲಾಕೆ ಹೇರಿಕೊಂಡ ಟ್ರಾಕ್ಟರು. ವೃಷಾಲಿ ಎತ್ತಿದ ಚಮ್ಮಟಿಗೆಯನ್ನು ಮತ್ತೆ ಇಳಿಸಿದಳು. ಓಢಣಿಯ ತುದಿಯಿಂದ ಕತ್ತು ಒರೆಸಿಕೊಂಡು ರಸ್ತೆಯ ಕಡೆ ನೋಡಿದಳು.

ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದ ಬಾಪೂಸಾಹೇಬ ಕಾಕಾ ಎಲೆ ಅಡಿಕೆ ಜಗಿಯುತ್ತ ಹೇಳಿದರು: “ಮುಂಜಾನಿಂದ ನೋಡಾಕ ಹತ್ತೇನಿ, ಏಟಕಿಂತ ಎತ್ತಿ ಇಳಿಸಿದ್ದ ಜಾಸ್ತಿ ಆತು. ಕಲೆಕ್ಟರಗ ಹೇಳಿ ರಸ್ತೆ ಬಂದ್ ಮಾಡಿಸ್ಲ್ಯಾ?”

“ಮಾಡಸ್ರಿ ಕಾಕಾ. ಒಂದ ತಾಸು ಸಾಕು,” ಎಂದಳು ಅವಳು, ನಗದೆ.

ಸಾಂಗಲಿ, ಮಿರಜ, ಕುಪವಾಡ ಮೂರು ಊರುಗಳು ಸೇರಿ ಒಂದೇ ಮಹಾನಗರಪಾಲಿಕೆಯಾದ ಮರುವರ್ಷ ಅದು. ಮಿರಜದಿಂದ ಮಾಲಗಾಂವಕ್ಕೆ ಹೋಗುವ ರಸ್ತೆಯ ಎರಡೂ ಬದಿ ಅಗಲವಾಗುತ್ತಿತ್ತು. ಹೊಲಗಳು ಪ್ಲಾಟುಗಳಾಗುತ್ತಿದ್ದವು. ಬದುಗಳ ಜಾಗದಲ್ಲಿ ಸುಣ್ಣ ಬಳಿದ ಕಲ್ಲುಗಳು ನಿಂತಿದ್ದವು. ವೃಷಾಲಿಯ ಮನೆತನದ ಹೊಲವೂ ಅರ್ಧ ಹೋಗಿತ್ತು. ಉಳಿದ ಅರ್ಧದಲ್ಲಿ ಮನೆ, ಒಂದಿಷ್ಟು ದ್ರಾಕ್ಷಿ, ಒಂದು ಬಾವಿ. ಅವಳು ಸಾಂಗಲಿಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಳು. ಕಾಯಂ ನೌಕರಿಯಲ್ಲ, ವರ್ಷ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಜೂನ್ ತಿಂಗಳಿಗಾಗಿ ಕಾಯುವ ನೌಕರಿ. ಕರಿಕಲ್ಲಿನ ಸೀಳುಗಳ ಮೇಲೆ ಪ್ರಬಂಧ ಬರೆಯಲು ಹೊರಟು ಹಲವು ಬೇಸಿಗೆಗಳಾಗಿದ್ದವು. ಆದರೆ ಆ ಬೇಸಿಗೆ ಚಮ್ಮಟಿಗೆ ಹಿಡಿದದ್ದು ಪ್ರಬಂಧಕ್ಕಲ್ಲ. ಆಯಿಗಾಗಿ.

ಆಯಿ ಎಂದರೆ ಅವಳ ತಂದೆಯ ತಾಯಿ ಚಂದ್ರಾಬಾಯಿ. ತಂದೆ ತೀರಿಕೊಂಡಾಗ ವೃಷಾಲಿಗೆ ಇನ್ನೂ ಹಾಲುಹಲ್ಲು. ತಾಯಿಯೂ ಹೆಚ್ಚು ದಿನ ಉಳಿಯಲಿಲ್ಲ. ಆಯಿಯೇ ಅವಳನ್ನು ಸಾಕಿದಳು. ಕಾಲೇಜಿಗೆ ಕಳಿಸಬೇಕೆಂದು ಕಾಕಾನ ಎದುರು ಒಂದು ದಿನ ಊಟ ಬಿಟ್ಟು ಕೂತವಳೂ ಆಯಿಯೇ.

ಜೈನರ ಮನೆಯ ಚಂದ್ರಾಬಾಯಿಗೆ ಒಂದು ನೇಮವಿತ್ತು. ಕುಡಿಯುವ ನೀರು ಬಾವಿಯದೇ ಆಗಬೇಕು. ಸೇದಿದ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಗಾಳಿಸಬೇಕು. ಬಟ್ಟೆಯ ಮೇಲೆ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಗಾಳಿಸಿದ ನೀರಿನಿಂದಲೇ ತೊಳೆದು ಒಂದು ಚಿಕ್ಕ ಬಕೀಟಿಗೆ ಹಾಕಬೇಕು. ಆ ಬಕೀಟನ್ನು ನೀರಿನ ಮೈ ಮುಟ್ಟುವವರೆಗೆ ಇಳಿಬಿಟ್ಟು ಅಲ್ಲಿ ಮೆಲ್ಲಗೆ ಮಗುಚಬೇಕು. ಯಾವ ಬಾವಿಯ ಜೀವವೋ ಆ ಬಾವಿಗೇ. ಅದಕ್ಕಾಗಿ ಅವಳಿಗೆ ನಳದ ನೀರು ಬೇಡ, ಬೋರಿನ ನೀರೂ ಬೇಡ. “ಬೋರಿನ ಬಾಯಿ ಮುಚ್ಚೇತಿ. ತಂದದ್ದನ್ನ ತಿರುಗಿ ಎಲ್ಲಿ ಕೊಡ್ಲಿ?” ಎನ್ನುವಳು. 

ಪ್ಲಾಟು ಕೊಂಡವರೆಲ್ಲ ಮೊದಲು ಬೋರು ಕೊರೆಸಿದರು, ಆಮೇಲೆ ಮನೆ ಕಟ್ಟಿದರು. ವೈಶಾಖದಲ್ಲೂ ಆಳುದ್ದ ನೀರಿರುತ್ತಿದ್ದ ಬಾವಿ ಆ ವರ್ಷ ಶಿವರಾತ್ರಿಗೇ ತಳದ ಕೆಸರು ತೋರಿಸಿತು. ಅಂದಿನಿಂದ ಚಂದ್ರಾಬಾಯಿ ರಸ್ತೆ ದಾಟಿ ಧೋಂಡಪ್ಪನ ಬಾವಿಗೆ ಹೋಗತೊಡಗಿದಳು. ಧೋಂಡಪ್ಪ ಧನಗರರವನು. ಕುರಿ ಹಿಂಡು ಕಟ್ಟಿಕೊಂಡು ಗಡಿಯ ಊರುಗಳಲ್ಲಿ ತಿರುಗುವವನು. ಮನೆಯಲ್ಲಿರುವುದು ಹೆಂಡತಿ ಇಂದ್ರವ್ವ. ಆಯಿ ಅಲ್ಲಿಯೇ ನೀರು ಸೇದಿ, ಅಲ್ಲಿಯೇ ಗಾಳಿಸಿ, ಅಲ್ಲಿಯೇ ಬಕೀಟು ಮಗುಚಿ, ಕೊಡ ಹೊತ್ತು ಟ್ರಕ್ಕುಗಳ ನಡುವೆ ಹಾದು ಬರುವಳು. ಕೊಡ ಬೇರೆಯವರು ಹೊರಬಾರದು. ಅದೂ ನೇಮ.

“ಏನ್ರಿ ಚಂದ್ರಾಬಾಯಿ, ದಿನಾ ಹುಳಾ ತಂದ ಸುರೀತೀರಿ ನಮ್ಮ ಬಾವ್ಯಾಗ. ಇನ್ನ ಬಾಡಿಗಿ ಕೇಳ್ಬೇಕಾಗ್ತೈತಿ,” ಎಂದು ಇಂದ್ರವ್ವ ರೇಗಿಸುವಳು.

“ನಿಮ್ಮೂವ ಹುಳಾ ಇಂದ್ರವ್ವಾ. ಹೊಳ್ಳಿ ಕೊಡ್ತೇನಿ ಅಷ್ಟ.”

“ಎಣಿಸಿ ಕೊಡ್ತೀರೋ ಹಂಗ ಕೊಡ್ತೀರೋ?”

“ನೀ ಎಣಿಸ್ಕೋ, ಕಣ್ಣ ಚಲೋ ಅದಾವಲ್ಲ ನಿನ್ನೂವು.”

ಚೈತ್ರ ಮುಗಿಯುವಾಗ ಒಂದು ಬೆಳಿಗ್ಗೆ ಇಂದ್ರವ್ವ ರೇಗಿಸಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಮಕ್ಕಳು ಜಾಗವನ್ನು ಮಂಗಲ ಕಾರ್ಯಾಲಯ ಕಟ್ಟುವವರಿಗೆ ಕೊಟ್ಟಿದ್ದರು. ಮದುವೆ ಊಟದ ಪಂಕ್ತಿ ಕೂರುವ ಸಭಾಂಗಣ ಬಾವಿಯ ಮೇಲೆಯೇ ಬರುವುದಂತೆ. ಮಳೆಗಾಲ ಹಿಡಿಯುವುದರೊಳಗೆ ಬಾವಿ ತುಂಬಿಸುತ್ತಾರಂತೆ. “ನನ್ನ ಕೇಳಿಲ್ಲ, ಕುರಿ ಹಿಂದ ಹೋದವರನ್ನೂ ಕೇಳಿಲ್ಲ,” ಎಂದಳು.

ಆಯಿ ಮನೆಗೆ ಬಂದು ಕೊಡ ಇಳಿಸಿ, ಬಸ್ಸು ಬದಲಾಯಿಸುವ ಮಾತು ಹೇಳಿದ ಹಾಗೆ ವೃಷಾಲಿಗೆ ಹೇಳಿದಳು: “ಮಳಿಗಿಂತ ಮೊದಲ ನಾ ಮ್ಹೈಸಾಳಕ್ಕ ಹೋಗ್ತೇನಿ. ಮಗಳ ಮನ್ಯಾಗ ಬಾವಿ ಐತಿ. ಹೊಳಿ ಬಾಜೂಕ ಐತಿ, ಬತ್ತೂದಿಲ್ಲ.”

“ಎಷ್ಟ ದಿನಕ್ಕ ಆಯಿ?”

“ದಿನಕ್ಕ ಅಲ್ಲ,” ಎಂದಳು ಆಯಿ.

ಬಾಪೂಸಾಹೇಬ ಕಾಕಾಗೆ ತಮ್ಮ ತಾಯಿ, ಮಗಳ ಮನೆಗೆ ಹೋಗಿ ಇರುವುದು ಅವಮಾನದ ಮಾತಾಗಿತ್ತು. ಅವರು ಬಾವಿಯೊಳಗಿಂದ ಅಡ್ಡ ಬೋರು ಹಾಕಿಸಲು ನಿಶ್ಚಯಿಸಿದರು. ಆ ಭಾಗದಲ್ಲಿ ಬತ್ತಿದ ಬಾವಿಗೆ ಹಾಗೆ ಮಾಡುವುದುಂಟು. ಮಷಿನ್ನನ್ನು ಬಾವಿಯೊಳಗೆ ಇಳಿಸಿ, ತಳದ ಹತ್ತಿರ ಕಲ್ಲಿನ ಗೋಡೆಗೆ ಮಲಗಿಸಿದ ಹಾಗೆ ಒಂದು ತೂತು ಕೊರೆಯುತ್ತಾರೆ. ಕಲ್ಲಿನ ಸೀಳು ಸಿಕ್ಕರೆ ನೀರು ತೂತಿನಿಂದ ಬಾವಿಗೆ ಇಳಿಯುತ್ತದೆ. ಬಾವಿ ಬಾವಿಯಾಗಿಯೇ ಉಳಿಯುತ್ತದೆ. ಆಯಿಯ ನೇಮಕ್ಕೆ ಅದು ಸಲ್ಲುತ್ತಿತ್ತು.

“ಯಾವ ದಿಕ್ಕಿಗೆ ಕೊರಸ್ತೀರಿ?” ಎಂದು ವೃಷಾಲಿ ಕೇಳಿದಳು.

“ಮಷಿನ್ ಎಲ್ಲಿ ಕುಂದರತೈತೋ ಅಲ್ಲಿ.”

ಅವಳಿಗೆ ಅಂದು ಸಂಜೆಯವರೆಗೆ ತಲೆ ಬಿಸಿಯಾಗಿತ್ತು. ಕರಿಕಲ್ಲಿನ ಸೀಳುಗಳು ಸಿಕ್ಕ ಹಾಗೆ ಇರುವುದಿಲ್ಲ. ಬಹಳ ಕಡೆ ಅವು ಒಂದೇ ದಿಕ್ಕಿಗೆ ಸಾಲುಗಟ್ಟಿ ನಿಂತಿರುತ್ತವೆ. ಆ ದಿಕ್ಕು ತಿಳಿಯದೆ ಕೊರೆಯುವುದು ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸುವ ಹಾಗೆ. ದಿಕ್ಕು ತಿಳಿಯುವ ದಾರಿ ಅವಳಿಗೆ ಗೊತ್ತಿತ್ತು. ನೆಲಕ್ಕೆ ಏಟು ಹಾಕಿದರೆ ಕಂಪನದ ಅಲೆ ಕಲ್ಲಿನೊಳಗೆ ಓಡುತ್ತದೆ. ಸೀಳುಗಳ ಉದ್ದಕ್ಕೆ ಓಡುವ ಅಲೆ ಬೇಗ ಮುಟ್ಟುತ್ತದೆ, ಸೀಳುಗಳನ್ನು ಅಡ್ಡ ದಾಟುವ ಅಲೆ ತಡವಾಗಿ ಮುಟ್ಟುತ್ತದೆ. ಬಾವಿಯ ಪಕ್ಕದ ಒಂದು ಜಾಗದ ಸುತ್ತ ಎಲ್ಲ ದಿಕ್ಕಿಗೂ ಹೊಡೆದು ನೋಡಿದರೆ ಸೀಳುಗಳು ಹೇಗೆ ನಿಂತಿವೆ ಎಂಬುದು ಅಗೆಯದೆಯೇ ಗೊತ್ತಾಗುತ್ತದೆ.

ಇದನ್ನು ಅವಳು ಆಯಿಗೆ ದ್ರಾಕ್ಷಿಯ ಸಾಲುಗಳ ನಡುವೆ ನಿಂತು ಹೇಳಿದಳು. “ನೋಡ ಆಯಿ, ಈ ಸಾಲಿನ ಜೋಡಿ ನಡದ್ರ ಪಟಪಟ ಆ ತುದಿ ಮುಟ್ತಿ. ಸಾಲು ಅಡ್ಡ ಹಾಯ್ದ್ರ?”

“ಒಂದೊಂದ ತಂತಿಗೂ ಬಗ್ಗಬೇಕು. ನಡಾ ಹೋಗ್ತೈತಿ.”

“ಅಲೀದೂ ಹಂಗ. ಈಗ ಹೇಳು, ಬಳ್ಳಿ ಮುಟ್ಟಬೇಕಂದ್ರ ಹ್ಯಾಂಗ ನಡೀಬೇಕು?”

ಆಯಿ ಸಾಲುಗಳನ್ನು ನೋಡಿದಳು. “ಅಡ್ಡ. ಜೋಡಿ ನಡದ್ರ ನಡಕಿನ ಖಾಲಿ ಜಾಗದಾಗ ಹೋಗಿಬಿಡ್ತೀನಿ, ಒಂದೂ ಬಳ್ಳಿ ಕೈಗೆ ಹತ್ತಂಗಿಲ್ಲ.”

“ಬೋರೂ ಅಡ್ಡ ಹೋಗಬೇಕು. ಅಲೆ ನಿಧಾನ ಆಗೂ ದಿಕ್ಕಿಗೆ.”

ಕಾಲೇಜಿನಲ್ಲಿ ಹಳೆಯ ಯಂತ್ರವೊಂದಿತ್ತು. ಭಾನುವಾರಗಳಿಗೆ ಮಾತ್ರ ಕೊಟ್ಟರು. ಲೋಟದಷ್ಟು ದಪ್ಪ, ಅಡಿಯಲ್ಲಿ ಮೊಳೆಯಿರುವ, ಕಂಪನ ಹಿಡಿಯುವ ಜಿಯೋಫೋನುಗಳನ್ನು ಸಾಲಾಗಿ ನೆಲಕ್ಕೆ ಚುಚ್ಚಿ, ವೈರಿನಿಂದ ಯಂತ್ರಕ್ಕೆ ಜೋಡಿಸಿ, ಸಾಲಿನ ತುದಿಯಲ್ಲಿ ಕಬ್ಬಿಣದ ಹಲಗೆ ಇಟ್ಟು ಚಮ್ಮಟಿಗೆಯಿಂದ ಹೊಡೆಯಬೇಕು. ಅಲೆ ಯಾವ ಜಿಯೋಫೋನನ್ನು ಯಾವಾಗ ಮುಟ್ಟಿತು ಎಂಬುದನ್ನು ಯಂತ್ರ ಕಾಗದದ ಮೇಲೆ ಗೀರಿ ತೋರಿಸುತ್ತದೆ. ಆಮೇಲೆ ಇಡೀ ಸಾಲನ್ನು ಕಿತ್ತು ಇನ್ನೊಂದು ದಿಕ್ಕಿಗೆ ತಿರುಗಿಸಬೇಕು. ಪುಸ್ತಕದಲ್ಲಿ ಇದು ಒಂದು ಪುಟದ ಕೆಲಸ.

ಮೊದಲ ಭಾನುವಾರ ಪೆಟ್ಟಿಗೆ ತೆರೆದಾಗ ವೈರನ್ನು ಇಲಿ ಕಡಿದಿತ್ತು. ಎರಡನೆಯ ಭಾನುವಾರ ಅಷ್ಟಮಿ, ಆಯಿಯ ವ್ರತದ ದಿನ. “ಇವತ್ತ ನೆಲಕ್ಕ ಏಟ ಹಾಕೂದ ಬ್ಯಾಡ,” ಎಂದಳು ಆಯಿ.

“ನಿನ್ನ ಸಲುವಾಗೇ ಹಾಕಾಕ ಹತ್ತೇನಿ ಆಯಿ!”

“ಅದಕ್ಕ ಹೇಳಿದ್ದು. ನನ್ನ ಸಲುವಾಗಿ ಅಷ್ಟಮಿಗೆ ಬ್ಯಾಡ.”

ವೃಷಾಲಿ ಜಿಯೋಫೋನುಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ತುಂಬಿದಳು. ಆ ದಿನ ರಸ್ತೆಯಲ್ಲಿ ಟ್ರಕ್ಕುಗಳೂ ಕಡಿಮೆಯಿದ್ದವು ಎಂಬುದು ಅವಳಿಗೆ ಬಹಳ ದಿನ ಚುಚ್ಚಿತು.

ಮೂರನೆಯ ಭಾನುವಾರವೇ ಟ್ರಕ್ಕುಗಳಿಗಾಗಿ ಕಾದು ನಿಂತದ್ದು. ಬೇಸಿಗೆಗೆ ಎರೆಮಣ್ಣು ಒಡೆದು ಬಾಯಿ ಬಿಟ್ಟಿತ್ತು, ಮೊಳೆ ನಿಲ್ಲುತ್ತಿರಲಿಲ್ಲ. ಪ್ರತಿ ಜಿಯೋಫೋನಿನ ಬುಡಕ್ಕೆ ಒಂದು ತಂಬಿಗೆ ನೀರು ಸುರಿದು ಮಣ್ಣು ಮೆತ್ತಬೇಕಾಯಿತು. ಹಾಗೆ ಸುರಿಯುವ ನೀರೂ ಗಾಳಿಸಿದ್ದೇ ಆಗಬೇಕೆಂದು ಆಯಿ ಬಟ್ಟೆ ಹಿಡಿದು ಕೂತಳು. ಕಬ್ಬಿಣದ ಹಲಗೆ ಇಡುವ ಜಾಗದಲ್ಲಿ ಇರುವೆಗಳಿದ್ದರೆ ಎಂದು ಪ್ರತಿ ಸಲವೂ ಮೆತ್ತನೆಯ ಬಟ್ಟೆಯಿಂದ ನೆಲ ಬಳಿದಳು. ಬಳಿದು ಮುಗಿಯುವಷ್ಟರಲ್ಲಿ ಟ್ರಕ್ಕು. ಟ್ರಕ್ಕು ಹೋಗುವಷ್ಟರಲ್ಲಿ ಮತ್ತೆ ಇರುವೆ.

ಪೂರ್ವದ ಸಾಲು ಕಷ್ಟದ್ದಾಗಿತ್ತು. ಆ ಕಡೆಯ ಪ್ಲಾಟು ನೀಲೇಶನದು. ಅವನು ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಎರಕ ಹೊಯ್ಯುವ ಸಣ್ಣ ಕಾರಖಾನೆ ಇಟ್ಟಿದ್ದ. ಕಳೆದ ವರ್ಷವೇ ಮನೆ ಕಟ್ಟಿ, ಎತ್ತರದ ಕಂಪೌಂಡು ಹಾಕಿಸಿದ್ದ. ಬಾವಿಗೂ ಆ ಗೋಡೆಗೂ ನಡುವೆ ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ ಉಳಿದಿತ್ತು, ಅಷ್ಟೇ. ವೃಷಾಲಿ ಹೋಗಿ ಕೇಳಿದಾಗ ಅವನು ನಗುತ್ತ ಗೇಟು ತೆರೆದ. “ಹಾಕ್ರಿ ಮೇಡಂ ವೈರು. ಬಂಗಾರ ಹತ್ತಿದ್ರ ಅರ್ಧಾ ನಂದು.” ಹೆಂಡತಿ ನೆಟ್ಟ ಗುಲಾಬಿಗಳ ನಡುವೆ ಜಿಯೋಫೋನು ಚುಚ್ಚಲು ತಾನೇ ಸಹಾಯ ಮಾಡಿದ.

ಇನ್ನೂ ಒಂದು ಭಾನುವಾರ ಹೋಯಿತು. ಅಂಗೈ ಒಡೆದು, ಭುಜ ಎತ್ತಲಾಗದೆ, ಕೊನೆಗೆ ಅವಳು ಕಾಗದದ ಸುರುಳಿಗಳನ್ನು ಅಡುಗೆಮನೆಯ ನೆಲದ ಮೇಲೆ ಬಿಡಿಸಿ ಕೂತಳು. ಟ್ರಕ್ಕುಗಳು ಕೆಡಿಸಿದ ಗೀರುಗಳನ್ನು ಬಿಟ್ಟು ಉಳಿದವನ್ನು ಓದಿದಳು. ಉತ್ತರ ದಕ್ಷಿಣಕ್ಕೆ ಅಲೆ ಬೇಗ ಓಡಿತ್ತು. ಪೂರ್ವ ಪಶ್ಚಿಮಕ್ಕೆ ತಡೆತಡೆದು ಹೋಗಿತ್ತು. ನಡುವಿನ ದಿಕ್ಕುಗಳು ನಡುವಿನ ವೇಗ ತೋರಿದ್ದವು. ಸೀಳುಗಳು ಉತ್ತರ ದಕ್ಷಿಣವಾಗಿ ಸಾಲು ನಿಂತಿದ್ದವು. ಬೋರು ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕು. ಪಶ್ಚಿಮಕ್ಕೆ ಬಾವಿಯ ಅಂಚಿನಿಂದಲೇ ರಸ್ತೆ, ರಸ್ತೆಯ ಕೆಳಗೆ ಹೊಸ ಗಟಾರದ ಕೊಳವೆ. ಉಳಿದದ್ದು ಪೂರ್ವ.

ಅದೇ ವಾರ ಕಾಲೇಜಿನವರು ಅವಳನ್ನು ಪರೀಕ್ಷೆಯ ಕೆಲಸಕ್ಕೆ ಇಸ್ಲಾಂಪುರಕ್ಕೆ ಹಾಕಿದರು. ಒಲ್ಲೆ ಎನ್ನುವ ನೌಕರಿಯಲ್ಲ ಅದು. ಅಲ್ಲಿಯ ಎಸ್‌ಟಿಡಿ ಬೂತಿನಿಂದ ಕಾಕಾಗೆ ಫೋನು ಮಾಡಿದಾಗ ಹಿಂದೆ ಜನ ಸಾಲು ನಿಂತಿದ್ದರು, ಲೈನಿನಲ್ಲಿ ಗರಗರ.

“ಉತ್ತರ ದಕ್ಷಿಣಕ್ಕ ಅಲೆ ಜೋರ್ ಓಡ್ಯಾವ ಕಾಕಾ. ಸೀಳು ಹಂಗ ನಿಂತಾವ. ನಾ ಬಂದ ಮ್ಯಾಲ ಮಷಿನ್ ಇಳಸೋಣು. ಅಲ್ಲಿ ತನಕ—”

“ಆತ ಆತು, ತಿಳೀತು!” ಎಂದರು ಕಾಕಾ. ಲೈನು ಕಡಿಯಿತು. ಅವಳು ಮತ್ತೆ ಮತ್ತೆ ತಿರುಗಿಸಿದಳು, ಹತ್ತಲಿಲ್ಲ.

ಅವಳು ಮಿರಜಕ್ಕೆ ಮರಳಿದ ದಿನ ಬಸ್ಸಿನಿಂದ ಇಳಿಯುವಾಗಲೇ ಹೊಲದ ಕಡೆಯಿಂದ ಕಂಪ್ರೆಸರಿನ ಸದ್ದು ಕೇಳಿಸಿತು. ಓಡುತ್ತ ಹೋದಳು. ಬಾವಿಯ ಕಟ್ಟೆಯ ಮೇಲೆ ಬೂದಿಬಣ್ಣದ ಪುಡಿ ಕೂತಿತ್ತು. ಕಾಕಾನ ಮೀಸೆಯೂ ಬೂದಿಯಾಗಿತ್ತು. ಅಡ್ಡ ಬೋರಿನ ಮಾಯಪ್ಪ ಬಾವಿಯೊಳಗಿಂದ ಹಗ್ಗದ ಏಣಿ ಹತ್ತಿ ಬಂದು, ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಿದ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬೋರು ಮುಗಿದಿದ್ದವು. ಎರಡರಲ್ಲೂ ಬರೀ ಒಣಪುಡಿ.

“ನೀ ಹೇಳಿದ ದಿಕ್ಕಿಗೇ ಹೊಡಸೇನಿ,” ಎಂದರು ಕಾಕಾ. ಅವರ ದನಿಯಲ್ಲಿ ಸಿಟ್ಟಿತ್ತು. “ನೋಡು, ಏನ್ ಬಂತು?”

“ನಾ ಹೊಡಸ್ರಿ ಅಂದಿದ್ನ್ಯಾ? ಸೀಳು ಆ ದಿಕ್ಕಿಗೆ ನಿಂತಾವ ಅಂದೆ!”

“ನೀರು ಸೀಳಿನಾಗ ಇರತೈತಿ. ಸೀಳು ಉತ್ತರಕ್ಕ ಹೋಗೈತಿ. ಹಂಗಾರ ಉತ್ತರಕ್ಕ ಹೋಗಬಾರದಾ? ಸಣ್ಣ ಕೂಸಿಗೂ ತಿಳೀತೈತಿ.”

“ಸೀಳಿನ ಜೋಡಿ ಹೋದ್ರ ಎರಡ ಸೀಳಿನ ನಡಕಿನ ಗಟ್ಟಿ ಕಲ್ಲಿನಾಗ ಹೋಗ್ತೀರಿ ಕಾಕಾ. ಅಡ್ಡ ಹೋಗಬೇಕು. ಆಯಿಗೆ ಹೇಳಿದ್ನಲ್ಲ!”

ಕಟ್ಟೆಯ ಬಳಿ ನಿಂತಿದ್ದ ಆಯಿ ತಣ್ಣಗೆ ಹೇಳಿದಳು: “ನಾ ಹೇಳೇನಿ. ದ್ರಾಕ್ಷಿ ತೋಟ ಬ್ಯಾರೆ, ಬಾವಿ ಬ್ಯಾರೆ ಅಂದ.”

ವೃಷಾಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀಲ ಹೆಗಲಿನಲ್ಲೇ ಇತ್ತು. ಕಾಕಾ ತಪ್ಪು ಯೋಚಿಸಿರಲಿಲ್ಲ, ಅರ್ಧ ಯೋಚಿಸಿದ್ದರು. ತಪ್ಪಾದರೆ ತಿದ್ದಬಹುದಿತ್ತು. ಅರ್ಧ ಸರಿಯನ್ನು ತಿದ್ದುವುದು ಹೇಗೆಂದು ಅವಳಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

“ಮಷಿನ್ ನಾಳಿಗೆ ಆರಗಕ್ಕ ಹೋಗಬೇಕ್ರಿ,” ಎಂದ ಮಾಯಪ್ಪ. “ಇನ್ನೊಂದ ಹೊಡೀರಿ ಅಂದ್ರ ನಾಳೆ ಮುಂಜಾನೆ ಹೊಡೀತೇನಿ. ಆಮ್ಯಾಲ ನಾ ದೀಪಾವಳಿ ತನಕ ಸಿಗೂದಿಲ್ಲ.”

ಪೂರ್ವಕ್ಕೆ ಎಂದಳು ವೃಷಾಲಿ. ಕಾಕಾ ಗೋಡೆಯ ಕಡೆ ನೋಡಿದರು. ಈ ಬೋರೂ ಉಳಿದೆರಡು ಹೋದಷ್ಟು ದೂರ ಹೋದರೆ ನೀಲೇಶನ ಮನೆಯ ಕೆಳಗೆ ಹಾದು ಹಿತ್ತಲು ಮುಟ್ಟುತ್ತದೆ. ಮೀಸೆ ಒರೆಸಿಕೊಂಡು, ದನಿ ತಗ್ಗಿಸಿ ಹೇಳಿದರು: “ಹೊಡಿ. ನೆಲದ ಕೆಳಗ ಯಾರ ಇಣಿಕಿ ನೋಡ್ತಾರ?”

“ಬಾಪೂ,” ಎಂದಳು ಆಯಿ. “ಅವರ ಕೊಟ್ರ ತಗೋ. ಕೊಡದ ಇದ್ದದ್ದು ನನಗ ಬ್ಯಾಡ. ಆ ನೀರ ನಾ ಕುಡಿಯೂದಿಲ್ಲ.”

ಇದೂ ವ್ರತವೇ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು. ವೃಷಾಲಿಗೆ ಆ ಕ್ಷಣ ಆಯಿಯ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು. ಭೂಮಿಯ ಕೆಳಗಿನ ಕಲ್ಲಿಗೆ ಪ್ಲಾಟಿನ ಗುರುತು ಯಾರು ಹಾಕಿದರು ಎಂದು ಕೇಳಬೇಕೆನಿಸಿತು. ಅದರ ಬದಲು ಚೀಲ ಕಟ್ಟೆಯ ಮೇಲಿಟ್ಟು ನೀಲೇಶನ ಮನೆಗೆ ಹೋದಳು.

ನೀಲೇಶ ಆಗ ತಾನೇ ಕಾರಖಾನೆಯಿಂದ ಬಂದು ಕಾಲು ತೊಳೆಯುತ್ತಿದ್ದ. “ಬರ್ರಿ ಮೇಡಂ, ಕುಂದ್ರಿ. ಬಂಗಾರ ಹತ್ತಿತೇನು?”

ಅವಳು ಎಲ್ಲವನ್ನೂ ಹೇಳಿದಳು. ಸೀಳು, ಸಾಲು, ದಿಕ್ಕು, ಆಯಿಯ ನೇಮ, ಮುಚ್ಚಲಿರುವ ಧೋಂಡಪ್ಪನ ಬಾವಿ. ಅವನು ಗಮನವಿಟ್ಟು ಕೇಳಿದ. ಅವನ ಮನೆಯಲ್ಲೂ ಸೂರ್ಯ ಮುಳುಗುವ ಮೊದಲು ಊಟ. ಆಯಿಯ ಮಾತು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಒಂದ ಮಾತ ಹೇಳ್ರಿ,” ಎಂದ ಕೊನೆಗೆ. “ನಮ್ಮ ಬೋರು ಹಿತ್ತಲದಾಗ ಐತಿ. ನಿಮ್ಮ ಅಡ್ಡ ಬೋರು ಅದರ ನೀರು ಎಳೀತೈತೋ ಇಲ್ಲೋ?”

ಅವಳಿಗೆ ಗೊತ್ತಿತ್ತು. ಬಾವಿಯಿಂದ ಅವನ ಹಿತ್ತಲಿನವರೆಗೂ ಒಂದರ ಪಕ್ಕ ಒಂದು ನಿಂತ ಸೀಳುಗಳನ್ನು ಅವಳು ಕಾಗದದ ಮೇಲೆ ಓದಿದ್ದಳು. “ಎಳೀಬಹುದ್ರಿ ಅಣ್ಣಾರ.”

“ಬಹುದು ಅಂದ್ರ?”

“ಎಳೀತೈತಿ. ಎಷ್ಟ ಅನ್ನೂದು ಹೇಳಾಕ ಬರೂದಿಲ್ಲ.”

ನೀಲೇಶ ಟವೆಲಿನಿಂದ ಕೈ ಒರೆಸುತ್ತ ನಕ್ಕ. ಸಿಟ್ಟಿನ ನಗುವಲ್ಲ. “ನಿಮ್ಮ ಕಾಕಾ ಬಂದಿದ್ರ ಇಲ್ಲಾ ಅಂತಿದ್ರು. ನಾನೂ ಹೂಂ ಅಂತಿದ್ದೆ. ನೀವು ಹಿಂಗ ಹೇಳಿದ ಮ್ಯಾಲ ನಾ ಹ್ಯಾಂಗ ಕೊಡ್ಲಿ? ನನಗ ಎರಡ ಸಣ್ಣ ಮಕ್ಕಳು. ಕಾರ್ಪೊರೇಶನ್ ನಳ ಇನ್ನೂ ಈ ಕಡೆ ಮುಖ ಹಾಕಿಲ್ಲ.”

“ಆಯಿಗೆ ದಿನಾ ಎರಡ ಕೊಡ ಸಾಕ್ರಿ.”

“ಬೋರಿಗೆ ಎರಡ ಕೊಡ ಅಂತ ಹೇಳಿ ನಿಲ್ಲಸಾಕ ಬರ್ತೈತೇನು? ನೀವ ಹೇಳ್ರಿ, ಕಲ್ಲಿನ ಶಾಲಿ ಕಲ್ತವರು.” ಟವೆಲನ್ನು ಹೆಗಲಿಗೆ ಹಾಕಿಕೊಂಡು ಮುಂದುವರಿಸಿದ: “ಗೋಡಿ ತನಕ ನಿಮ್ಮ ಜಾಗ. ಗೋಡಿ ತನಕ ಏನರ ಮಾಡ್ರಿ, ನಾ ಬಾಯಿ ತಗಿಯೂದಿಲ್ಲ.”

ಹೊರಗೆ ಬಂದು ಅವಳು ಗೋಡೆಯ ನೆರಳಿನಲ್ಲಿ ನಿಂತಳು. ಸುಳ್ಳು ಹೇಳಲು ಒಂದೇ ಶಬ್ದ ಸಾಕಿತ್ತು. ಕಲಿತದ್ದು ಆಯಿಯನ್ನು ಉಳಿಸಿಕೊಳ್ಳಲು ಎಂದುಕೊಂಡಿದ್ದಳು. ಅದೇ ಈಗ ಬಾಯಿಗೆ ಬಂದು ಅಡ್ಡ ನಿಂತಿತ್ತು. ಗೋಡೆಯಿಂದ ಬಾವಿಯವರೆಗಿನ ಜಾಗವನ್ನು ಕಣ್ಣಿನಲ್ಲಿ ಅಳೆದಳು. ಬಹಳ ಕಡಿಮೆ. ಆದರೂ ಅಡ್ಡ ದಿಕ್ಕು.

ಮರುದಿನ ಬೆಳಿಗ್ಗೆ ಮಾಯಪ್ಪ ಆ ಜಾಗ ನೋಡಿ ತಲೆ ಕೆರೆದುಕೊಂಡ. “ಇಷ್ಟಕ್ಕ ಯಾರರ ಮಷಿನ್ ಇಳಸ್ತಾರೇನ್ರಿ ಬಾಯಾರ? ನಾಕ ಸರಳ ಹಾಕೂದ್ರಾಗ ಗೋಡಿ ಬರ್ತೈತಿ.”

“ಇಳಸ್ರಿ.”

“ಅಕಿ ಹಟಾ ಅಕಿ ಆಯಿ ಕಡೀಂದ ಬಂದೈತಿ,” ಎಂದರು ಕಾಕಾ. “ಇಳಸಪಾ.”

ಈ ಸಲ ವೃಷಾಲಿಯೂ ಹಗ್ಗದ ಏಣಿ ಹಿಡಿದು ಬಾವಿಗಿಳಿದಳು. ಕೆಳಗೆ ತಂಪಿತ್ತು, ಒಣಗಿದ ಪಾಚಿಯ ವಾಸನೆ. ಕರಿಕಲ್ಲಿನ ಗೋಡೆಯಲ್ಲಿ ಕಾಕಾನ ಎರಡು ತೂತುಗಳು ಮುಚ್ಚದ ಕಣ್ಣಿನ ಹಾಗೆ ಇದ್ದವು. ಮಷಿನ್ನು ಪೂರ್ವದ ಗೋಡೆಗೆ ಮೂತಿ ಇಟ್ಟಿತು. ಸದ್ದು ಎದೆಯೊಳಗೇ ಹೊಕ್ಕ ಹಾಗಾಯಿತು. ಕೊರೆಯುವ ಒಂದು ಸರಳು ಒಳಗೆ ಹೋಯಿತು: ಬೂದಿಪುಡಿ. ಎರಡನೆಯದು: ಬೂದಿಪುಡಿ. ಮೂರನೆಯದು ಅರ್ಧ ಹೋದಾಗ ಪುಡಿಯ ಬಣ್ಣ ಕಪ್ಪಾಯಿತು. ಆಮೇಲೆ ಪುಡಿ ಹಾರಲಿಲ್ಲ, ಹಿಟ್ಟಿನಂತೆ ಮುದ್ದೆಯಾಗಿ ತೂತಿನ ಬಾಯಿಂದ ಬಿತ್ತು. ನಾಲ್ಕನೆಯದು ಮುಗಿಯುವಾಗ ಮುದ್ದೆಯ ಹಿಂದೆ ಸಣ್ಣಗೆ ನೀರು ಬಂತು. ಕಿರುಬೆರಳಿನಷ್ಟೂ ಇಲ್ಲ. ಕಲ್ಲಿನ ಮೇಲೆ ಹರಿದು ತಳ ಸೇರಿತು.

“ಬಂತ್ರೀ!” ಎಂದು ಮಾಯಪ್ಪ ಕೂಗಿದ. ಮೇಲೆ ಕಾಕಾನ ಮುಖ ಕಾಣಿಸಿತು. ಅದರ ಪಕ್ಕದಲ್ಲಿ ಆಯಿಯ ಬಿಳಿ ಸೆರಗು.

ಮಾಯಪ್ಪ ಮಷಿನ್ನಿನ ಮೂತಿಗೆ ಕಿವಿ ಹಚ್ಚಿದವನಂತೆ ಬಗ್ಗಿ, ಅವಳಿಗಷ್ಟೇ ಕೇಳುವ ಹಾಗೆ ಹೇಳಿದ: “ಬಾಯಾರ, ಮುಂದಿನ ಕಲ್ಲು ಮೆತ್ತಗ ಆಗೇತಿ. ಇನ್ನೊಂದ ಸರಳ ಹಾಕಿದ್ರ ದೊಡ್ಡ ಸೀಳ ಸಿಗ್ತೈತಿ. ಸತ್ಯ ಹೇಳ್ತೇನಿ. ಹಾಕ್ಲ್ಯಾ?”

ಸರಳಿನ ತುದಿಗೆ ನೇರ ಮೇಲೆ ನೀಲೇಶನ ಗೋಡೆಯಿತ್ತು. ಮುಂದಿನದು ದೊಡ್ಡ ಸೀಳು ಎಂಬುದು ಅವಳಿಗೂ ಗೊತ್ತಿತ್ತು; ಪೂರ್ವದ ಸಾಲಿನಲ್ಲಿ ಅಲೆ ಎಲ್ಲಕ್ಕಿಂತ ತಡವಾದದ್ದು ನೀಲೇಶನ ಗುಲಾಬಿಗಳ ಹತ್ತಿರ. ಅವಳು ನೀರಿಗೆ ಅಂಗೈ ಒಡ್ಡಿದಳು. ತಣ್ಣಗಿತ್ತು. ಒಡೆದ ಚರ್ಮ ಉರಿಯಿತು. ಮಾಯಪ್ಪ ಸರಳು ಎತ್ತಿಕೊಂಡೇ ನಿಂತಿದ್ದ.

“ಬ್ಯಾಡ,” ಎಂದಳು. “ತಗೀರಿ ಮಷಿನ್.” ದನಿ ಗೋಡೆಗಳಿಗೆ ಬಡಿದು ಬೇರೆ ಯಾರದೋ ದನಿಯಂತೆ ಮರಳಿತು.

ಮೇಲೆ ಬಂದಾಗ ಕಾಕಾ ಆಗಲೇ ನೆರೆದವರಿಗೆ ಹೇಳುತ್ತಿದ್ದರು: “ಉತ್ತರದ ಬೋರು ಹೊಡದಾಗ ಕಲ್ಲ ಸಡಲ ಆತು. ಅದರ ದೆಸಿಂದ ಈ ಕಡೆ ನೀರ ಹೊಂಟತು. ಎರಡ ಬೋರು ಹಾಳಾಗಲಿಲ್ಲ ನೋಡ್ರಿ.”

“ಅದು ಹಂಗಲ್ಲ ಕಾಕಾ.”

“ಆತ ತಗೋ, ನಿನ್ನ ಅಲಿನೂ ಸ್ವಲ್ಪ ಓಡಿರಬೇಕು,” ಎಂದು ಕಾಕಾ ಉದಾರವಾಗಿ ನಕ್ಕರು. ಪಕ್ಕದ ಕಾಲೊನಿಯವರೊಬ್ಬರು ಮಾಯಪ್ಪನನ್ನು ಆಚೆ ಕರೆದು, ತಮ್ಮ ಬಾವಿಗೂ ಮೊದಲು ಉತ್ತರಕ್ಕೊಂದು ಹಾಕಬೇಕೇ ಎಂದು ವಿಚಾರಿಸುತ್ತಿದ್ದರು. ವೃಷಾಲಿ ಹೋಗಿ ಹೇಳಿದಳು, ಪ್ರತಿ ಜಾಗಕ್ಕೂ ಬೇರೆ ನೋಡಬೇಕು, ಎಲ್ಲ ದಿಕ್ಕಿಗೂ ಹೊಡೆದು ನೋಡಬೇಕು ಎಂದು. ಅವರು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದರು. ಹೇಳಿದಳು. ಅವರು ಮತ್ತೆ ಮಾಯಪ್ಪನ ಕಡೆ ತಿರುಗಿದರು.

ಜ್ಯೇಷ್ಠದಲ್ಲಿ ಧೋಂಡಪ್ಪನ ಬಾವಿಗೆ ಟಿಪ್ಪರುಗಳು ಬಂದವು. ರಸ್ತೆ ಅಗೆದ ಕಲ್ಲು ಮಣ್ಣು ಸುರಿಯುವ ಸದ್ದು ಇಡೀ ದಿನ ಕೇಳಿತು. ಇಂದ್ರವ್ವ ಆ ದಿನ ಇವರ ಮನೆಗೆ ಬಂದು ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತಳು, ಸಂಜೆಯವರೆಗೆ ಎದ್ದು ಹೋಗಲಿಲ್ಲ.

ಬಾವಿಯ ತಳದಲ್ಲಿ ರಾತ್ರಿ ಕಳೆದರೆ ಒಂದು ಕೊಡಕ್ಕಿಂತ ತುಸು ಹೆಚ್ಚು ನೀರು ನಿಲ್ಲುತ್ತಿತ್ತು. ದ್ರಾಕ್ಷಿಗೆ ಅದು ಏನೂ ಅಲ್ಲ. ಮನೆಯ ಉಳಿದವರಿಗಾಗಿ ಕಾಕಾ ಟ್ಯಾಂಕರು ತರಿಸುತ್ತಿದ್ದರು. ಆಯಿ ಮ್ಹೈಸಾಳದ ಮಾತು ಮತ್ತೆ ಎತ್ತಲಿಲ್ಲ. ಎರಡು ಕೊಡದ ಜಾಗದಲ್ಲಿ ಒಂದರಲ್ಲಿ ಮುಗಿಸಲು ಕಲಿತಳು. ಮಧ್ಯಾಹ್ನದ ಮಜ್ಜಿಗೆ ನಿಂತಿತು. ಬಾಯಾರಿದರೂ ಕೇಳದೆ ತಡೆದಳು. ವೃಷಾಲಿ ಇದನ್ನೆಲ್ಲ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ಬಾವಿಯ ಬಳಿ ನಿಂತುಬಿಟ್ಟಳು. ಗೋಡೆಯಾಚೆ ನೀಲೇಶನ ಹೆಂಡತಿ ಗುಲಾಬಿಗಳಿಗೆ ಪೈಪು ಹಿಡಿದಿದ್ದಳು. ನೀರು ಎಲೆಗಳ ಮೇಲೆ ಬೀಳುವ ಸದ್ದು ಈಚೆಗೂ ಕೇಳುತ್ತಿತ್ತು.

“ಇದು ಸಾಕಾಗೂದಿಲ್ಲ ಆಯಿ,” ಎಂದಳು. “ಮುಂದಿನ ಬ್ಯಾಸಿಗಿಗೆ ಇದೂ ನಿಲ್ಲತೈತಿ. ಇನ್ನೊಂದ ಸರಳ ಹಾಕಿದ್ರ...”

“ನೀ ಹಾಕಲಿಲ್ಲಲ್ಲ.”

“ಹಾಕಲಿಲ್ಲ. ಅದಕ್ಕ ಹೇಳಾಕ ಹತ್ತೇನಿ, ಸಾಕಾಗೂದಿಲ್ಲ.”

“ನನಗ ಸಾಕು,” ಎಂದಳು ಆಯಿ, ಕೊಡ ಎತ್ತಿಕೊಂಡು. “ನಿನಗ ಸಾಕಂತ ನಾ ಎಲ್ಲಿ ಅಂದೆ?”

ವೃಷಾಲಿ ಬಗ್ಗಿ ತಳದ ನೀರನ್ನು ಒಮ್ಮೆ ನೋಡಿದಳು. ಆಯಿ ಒಳಗೆ ಹೋಗುವವರೆಗೆ ನಿಂತಿದ್ದು, ಬಸ್ಸು ಹಿಡಿಯಲು ರಸ್ತೆಗೆ ಹೋದಳು.